ಜಾಡಿಗೆ ಬೂಷ್ಟು ತಂದವಳು

ನಮ್ಮ ಕಡೆಯವರೆಲ್ಲ ಹೇಳುವ ಕತೆ ಇಷ್ಟೇ: ಬೂಷ್ಟು ಅಲರ್ಜಿ ಇರುವ ಹುಡುಗಿ ಅಜ್ಜಿಯ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದಳು, ಜಾಡಿಗೆ ಬೂಷ್ಟು ಬಂತು. ಆ ಹುಡುಗಿ ನಾನು. ಈ ಕತೆ ನಮ್ಮ ಅಡುಗೆಮನೆಯಲ್ಲಿ ಹುಟ್ಟಿ, ಚಿಕ್ಕಮ್ಮನ ಜೊತೆ ಬಸ್ಸು ಹತ್ತಿ ಅವಳೂರು ಹ್ಯಾಂಡ್‌ಪೋಸ್ಟ್ ತಲುಪಿ, ಅವಳ ಅಂಗಡಿಗೆ ಬಂದವರ ಬಾಯಲ್ಲೆಲ್ಲ ಆಡಿ, ಮತ್ತೆ ನಮ್ಮೂರಿಗೆ ವಾಪಸ್ ಬರುವಷ್ಟರಲ್ಲಿ ನಾನು ಮೊಣಕೈವರೆಗೂ ಜಾಡಿಯೊಳಗಿದ್ದೆ.

ನಾನು ಕೇಳುವುದು ಒಂದೇ. ಬೂಷ್ಟು ಹತ್ತಿರ ಬಂದರೆ ಮೂಗು ಸುರಿಯುವವಳು ಬೂಷ್ಟು ಹರಡುತ್ತಾಳೆ ಅನ್ನುವುದು ಯಾವ ತರ್ಕ? ನಾಯಿ ಕಂಡರೆ ಓಡುವವನನ್ನು ಹಿಡಿದು, ಬೀದಿ ನಾಯಿಗಳಿಗೆಲ್ಲ ನೀನೇ ಯಜಮಾನ ಅಂದ ಹಾಗಾಯಿತು. ಆದರೆ ತರ್ಕಕ್ಕೆ ನಮ್ಮ ಮನೆಯಲ್ಲಿ ಬೆಲೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮೊದಲು ಮೂಗಿನ ವಿಷಯ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಯಾವ ವಿಷಯ ಕೊಟ್ಟರೂ ಪರವಾಗಿ ಮಾತಾಡಬಲ್ಲೆ, ಊಟ ಹಾಕಿಸಿದರೆ ವಿರೋಧವಾಗಿಯೂ. ಕೆ.ಆರ್. ನಗರದಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ಹಳೇ ಸಭಾಂಗಣದ ಗೋಡೆ ಮಳೆಗೆ ಹಸಿರಾಗಿತ್ತು. ಮೈಕು ಹಿಡಿದೆ, "ಮಾನ್ಯ ತೀರ್ಪುಗಾರರೇ" ಅಂದೆ, ಅಲ್ಲಿಂದ ಮುಂದೆ ಬರೀ ಸೀನು. ಎದುರು ತಂಡದ ಹುಡುಗ ಎದ್ದು ನಿಂತು, "ಎದುರಾಳಿಯ ವಾದವನ್ನು ಅವರ ಮೂಗೇ ಒಪ್ಪುತ್ತಿಲ್ಲ" ಅಂದ. ಚಪ್ಪಾಳೆ ಬಿತ್ತು. ಒಳ್ಳೆಯ ಮಾತೇ. ನಾನಾಡಬೇಕಿತ್ತು.

ಮನೆಯಲ್ಲೂ ನನ್ನ ಸೀನು ದೊಡ್ಡ ಸಮಸ್ಯೆಯಾಗಿತ್ತು, ಬೇರೆ ಕಾರಣಕ್ಕೆ. ಹೊರಡುವಾಗ ಯಾರಾದರೂ ಸೀನಿದರೆ ಅಪ್ಪ ಹೊರಡುವುದಿಲ್ಲ. ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಮಳೆಗಾಲದ ಬೆಳಿಗ್ಗೆ ನನ್ನ ಸೀನು ಒಂದಕ್ಕೆ ನಿಲ್ಲುತ್ತಿರಲಿಲ್ಲ. ಅಪ್ಪ ಬಾಗಿಲಿಗೂ ಬಿಂದಿಗೆಗೂ ಓಡಾಡಿ, ಹೊಟ್ಟೆ ತುಂಬ ನೀರು ಕುಡಿದು, ಕಂಪಲಾಪುರದ ಬಸ್ಸು ಹೋದದ್ದನ್ನು ಜಗುಲಿಯಿಂದಲೇ ನೋಡುತ್ತಿದ್ದ. ಕೊನೆಗೆ ಅವನೇ ನನ್ನನ್ನು ಹುಣಸೂರಿನ ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪ್ರೀತಿಯಿಂದ ಅಂತ ಅವನು ಹೇಳುತ್ತಾನೆ. ಬಸ್ಸಿಗೋಸ್ಕರ ಅಂತ ನಾನು ಹೇಳುತ್ತೇನೆ.

ಡಾಕ್ಟರು ಬೂಷ್ಟಿನ ಅಲರ್ಜಿ ಅಂದರು. ಗೋಡೆಯ ಬೂಷ್ಟಿನಿಂದ ದೂರ ಇರು ಅಂದರು. ತಿನ್ನುವುದರಿಂದಲೂ ಕೆಲವರಿಗೆ ಜಾಸ್ತಿಯಾಗುತ್ತದೆ, ಒಂದು ತಿಂಗಳು ಬಿಟ್ಟು ನೋಡು ಅಂತ ಹೇಳಿ ಬಿಡಬೇಕಾದ್ದನ್ನೆಲ್ಲ ಹೇಳುತ್ತಾ ಹೋದರು: ಬ್ರೆಡ್ಡು, ಬನ್ನು, ಅಣಬೆ, ಹಳೇ ಕೊಬ್ಬರಿ, ಒಣಮೀನು, ತಂಗಳು, ಉಪ್ಪಿನಕಾಯಿ. ತಂಗಳು ಅನ್ನುವಾಗ ಅಪ್ಪ ಬೆಚ್ಚಿದ. ಉಪ್ಪಿನಕಾಯಿ ಅನ್ನುವಾಗ, "ಅದನ್ನ ನಮ್ಮವ್ವಂಗೆ ನೀವೇ ಫೋನ್ ಮಾಡಿ ಏಳ್ಬುಡಿ ಸಾ" ಅಂತ ಕೈ ಮುಗಿದ.

ಯಾಕೆ ಕೈ ಮುಗಿದ ಅಂದರೆ, ಅಪ್ಪನ ಅವ್ವ, ಅಂದರೆ ನಮ್ಮಜ್ಜಿ, ಊರಿಗೆಲ್ಲ ಹೆಸರಾದದ್ದೇ ಉಪ್ಪಿನಕಾಯಿಗೆ. ಹೇರಳೆಕಾಯಿ ಉಪ್ಪಿನಕಾಯಿ. ಮೂಸಂಬಿಗಿಂತ ದಪ್ಪ, ನಿಂಬೆಗಿಂತ ಕಹಿ, ಜ್ವರ ಬಿದ್ದು ಎದ್ದವರ ನಾಲಿಗೆಗೆ ನಮ್ಮ ಕಡೆ ಮೊದಲು ಸವರುವುದು ಅದನ್ನೇ. ಅಜ್ಜಿ ಹಾಕಿದ ಜಾಡಿಗೆ ಅಲ್ಲಿಯವರೆಗೆ ಬೂಷ್ಟು ಬಂದದ್ದೇ ಇರಲಿಲ್ಲ. ಉಪ್ಪಿನಿಂದ, ಒಣಗಿಸುವುದರಿಂದ ಅಂತ ನಾನು ಹೇಳಿದರೆ ಯಾರೂ ಕೇಳುವುದಿಲ್ಲ. ಕೈಗುಣ ಅನ್ನುತ್ತಾರೆ. ನಮ್ಮ ಮನೆತನದ ಯಾವ ಮದುವೆಯಲ್ಲೂ ಎಲೆಗೆ ಮೊದಲು ಉಪ್ಪು, ಆಮೇಲೆ ಅಜ್ಜಿಯ ಉಪ್ಪಿನಕಾಯಿ, ಆಮೇಲೆ ಮಿಕ್ಕಿದ್ದು. ಸೊಸೆಯರು ಬಂದು ಅಡುಗೆಮನೆ ಹಂಚಿಕೊಂಡ ಮೇಲೆ ಅಜ್ಜಿಗೆ ಅಂತ ಉಳಿದಿರುವುದು ಆ ಒಂದು ಜಾಡಿಯ ಯಜಮಾನಿಕೆ.

ಪಥ್ಯ ಶುರುವಾಯಿತು. ಊರಿಗೆ ಅರ್ಥ ಮಾಡಿಸುವುದೇ ಕಷ್ಟವಾಯಿತು. ಬೂಷ್ಟು ಆಗುವುದಿಲ್ಲ ಅಂದರೆ ಪಕ್ಕದ ಮನೆಯವರು, "ಅಯ್ಯೋ, ಹಾಲಿಗೆ ಕಲಸೋ ಆ ಪುಡಿನಾ? ನಮ್ ಐಕ್ಳಿಗೂ ಕೊಡದ್ ನಿಲ್ಲುಸ್ಬುಡ್ತೀನಿ" ಅಂದರು. ಟಿವಿಯಲ್ಲಿ ಬರುವ ಒಂದು ಪುಡಿಗೂ ನಮ್ಮ ಬೂಷ್ಟಿಗೂ ಹೆಸರಿನಲ್ಲಿ ಅಂಥ ವ್ಯತ್ಯಾಸವಿಲ್ಲ, ನನ್ನ ತಪ್ಪಲ್ಲ. ಆ ಮನೆಯ ಮಕ್ಕಳು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಅಪ್ಪ ಮಾತ್ರ ಪಥ್ಯಕ್ಕೆ ಉತ್ಸಾಹದಿಂದ ಇಳಿದ. ಹೊಗೆಸೊಪ್ಪು ಬೆಳೆಯುವವನಿಗೆ ಬೂಷ್ಟು ಹುಟ್ಟಾ ಶತ್ರು. ಸೊಪ್ಪಿನಲ್ಲಿ ಪಸೆ ಉಳಿದರೆ ಕಟ್ಟಿಟ್ಟ ಮೂಟೆಗೆಲ್ಲ ಬೂಷ್ಟು ಹಿಡಿಯುತ್ತದೆ, ಹರಾಜಿನಲ್ಲಿ ಕೇಳುವವರಿರುವುದಿಲ್ಲ. ಅವನು ನನ್ನ ಚಪಾತಿಯನ್ನು ಸೊಪ್ಪಿನ ಹಾಗೆ ಮಡಚಿ, ಕಿವಿಯ ಹತ್ತಿರ ಹಿಡಿದು, ಹಿಸುಕಿ, ಶಬ್ದ ಕೇಳುತ್ತಿದ್ದ.

"ಇನ್ನೂ ಅಸಿ ಐತೆ ಕಣವ್ವ. ಇನ್ನೊಸಿ ಒಣಗ್ಸು."

"ಅಪ್ಪ, ಅದು ಊಟ. ಒಣಗಿಸಿದರೆ ಹಪ್ಪಳ."

"ಅಪ್ಪಳಕ್ಕೆ ಬೂಷ್ಟು ಬರಾಕಿಲ್ಲ, ನೋಡ್ಕೊ."

ಅಜ್ಜಿ ಈ ಪಥ್ಯವನ್ನು ಬುಡದಿಂದಲೇ ಒಪ್ಪಲಿಲ್ಲ. ಮಳೆಯಾದ ಮಾರನೇ ದಿನ ಅಪ್ಪ ಹುತ್ತದ ಪಕ್ಕದಿಂದ ಟವಲ್ಲಿನ ತುಂಬ ಅಣಬೆ ತಂದಾಗ ನಾನು ನನಗೆ ಬೇಡ ಅಂದೆ. ಅಣಬೆಯೂ ಬೂಷ್ಟಿನ ಜಾತಿಯದೇ ಅಂತ ವಿವರಿಸಿದೆ.

"ಅಣಬೆ ಬೂಷ್ಟಾ?" ಅಜ್ಜಿ ಸೊಂಟಕ್ಕೆ ಕೈಯಿಟ್ಟಳು. "ಲೇ, ಅಣಬೆ ಉಟ್ಟೋದು ಗುಡುಗಿಗೆ ಕಣೇ. ಬೂಷ್ಟು ಉಟ್ಟೋಕೆ ಯಾವ ಗುಡುಗು ಬೇಕು ಏಳು?"

"ಅಜ್ಜಿ, ಗುಡುಗು ಬಂದಾಗ ಮಳೆಯೂ ಬಂದಿರುತ್ತೆ. ತೇವಕ್ಕೆ ಹುಟ್ಟೋದು."

"ಸರಿ, ನೀನೇ ಗೆದ್ದೆ. ನಿನ್ ಪಾಲು ಇತ್ಲಾಗೆ ಕೊಡು."

ವಾದದಲ್ಲಿ ಗೆದ್ದು ಅಣಬೆ ಸಾರು ಕಳೆದುಕೊಂಡವಳು ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನಿಜವಾದ ಜಗಳ ಬಸ್ಸಾರಿನದು. ಸೊಪ್ಪು, ತೊಗರಿಕಾಳು ಬೇಯಿಸಿ ಬಸಿದ ನೀರಿಗೆ ಖಾರ ಅರೆದು ಹಾಕುವ ಬಸ್ಸಾರನ್ನು ನಮ್ಮ ಮನೆಯಲ್ಲಿ ದಿನವೂ ಕುದಿಸಿ ಕುದಿಸಿ ಇಡುತ್ತಾರೆ. ಮಾರನೇ ದಿನ ರುಚಿ, ಅದರ ಮಾರನೇ ದಿನ ಇನ್ನೂ ರುಚಿ. ನನಗೆ ಆಯಾ ಹೊತ್ತಿನದನ್ನು ಆಗಲೇ ಮಾಡಬೇಕು. ಅದಕ್ಕೆ ಬೇರೆ ಚಿಕ್ಕ ಪಾತ್ರೆ ಬಂತು, ಬೇರೆ ಸೌಟು ಬಂತು. ಅಪ್ಪ, ಅವ್ವ ಇಬ್ಬರೂ ಹೊಗೆಸೊಪ್ಪನ್ನು ಕಾವಿಗೆ ಒಣಗಿಸುವ ಬ್ಯಾರನ್ ಮನೆಯ ಹತ್ತಿರವೇ ಇರುತ್ತಿದ್ದ ಕಾಲ. ಊಟದ ಹೊತ್ತಿಗೆ ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ಮಾಡುವುದು ನಾನು. ಬಡಿಸುವುದು ಅಜ್ಜಿ.

"ಉಪ್ಪಿಲ್ಲ, ಉಳಿಯಿಲ್ಲ, ಅಳೇದಿಲ್ಲ. ಈ ಸಾರು ಸಾರಾ? ಕೈ ತೊಳೆದ ನೀರು ಕಣ್ ಮಗ" ಅಂತ ಮೊದಲ ದಿನ ಅಜ್ಜಿ ಮುಖ ಕಿವುಚಿದಳು. ಅವಳ ಮಾತು ಸುಳ್ಳಲ್ಲ. ಹಳೇ ಹುಣಸೆಹಣ್ಣನ್ನೂ ನಾನೇ ಬಿಟ್ಟಿದ್ದೆ.

ಆದರೆ ಸ್ವಲ್ಪ ದಿನಕ್ಕೆ ಒಂದು ವಿಚಿತ್ರ ಕಂಡಿತು. ಸಾರು ರುಚಿಯಾಗತೊಡಗಿತು. ನಾನು ಮಾಡುವುದು ಅದನ್ನೇ, ಅದೇ ಪಾತ್ರೆಯಲ್ಲೇ. ಪಾತ್ರೆಯಲ್ಲಿ ನೆಕ್ಕಿ ನೋಡಿದರೆ ಸಪ್ಪೆ, ತಟ್ಟೆಗೆ ಬಂದರೆ ಹುಳಿ, ಖಾರ, ಹಿಂದೆ ಒಂದು ಸಣ್ಣ ಕಹಿ. ನಾಲಿಗೆ ಶುದ್ಧವಾದ ಮೇಲೆ ನಿಜವಾದ ರುಚಿ ಗೊತ್ತಾಗುತ್ತಿದೆ ಅಂತ ನಾನು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿದ್ದೆನೇ? ಮನೆಯವರಿಗೆಲ್ಲ ಭಾಷಣ ಮಾಡಿದೆ. ಒಮ್ಮೆ ತಟ್ಟೆಯಲ್ಲಿ ಹಳದಿ ಸಿಪ್ಪೆಯ ಚೂರೊಂದು ಸಿಕ್ಕಿತು. "ಏನಜ್ಜಿ ಇದು?" ಅಂದೆ. "ಉಣಸೆ ನಾರು ಕಣ್ ಮಗ, ನುಂಗು" ಅಂದಳು. ಹುಣಸೆಯೇ ಇಲ್ಲದ ಸಾರಿನಲ್ಲಿ ಹುಣಸೆ ನಾರು ಎಲ್ಲಿಂದ ಬಂತು ಅಂತ ಕೇಳಬೇಕಾದವಳು ನಾನು, ನುಂಗಿದೆ.

ಇದರ ಜೊತೆಗೆ ಸೀನು ಕಡಿಮೆಯಾಯಿತು. ಅಪ್ಪನಿಗೆ ಬಸ್ಸು ಸಿಗತೊಡಗಿತು. ಪಥ್ಯ ಗೆದ್ದಿತು, ಆಹಾರವೇ ಔಷಧ, ಅಂತ ನಾನು ಜಗುಲಿಯಲ್ಲಿ ನಿಂತು ಘೋಷಿಸಿದೆ. ಅಜ್ಜಿ ಒಳಗಿನಿಂದ, "ಊ ಕಣ್ ಮಗ, ಅದೇಯ" ಅಂದಳು. ನಮ್ಮಜ್ಜಿ ಜಗಳವಾಡದೆ ಒಪ್ಪಿದ ಮೊದಲ ಮಾತು ಅದು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಆಗ ಹ್ಯಾಂಡ್‌ಪೋಸ್ಟಿನಿಂದ ಚಿಕ್ಕಮ್ಮ ಬಂದಳು. ಅಪ್ಪನ ತಮ್ಮನ ಹೆಂಡತಿ. ಅವಳ ಮಗಳ ಮದುವೆಗೆ ಇನ್ನೂ ಎರಡು ತಿಂಗಳಿತ್ತು, ಬೀಗರೂಟಕ್ಕೆ ಉಪ್ಪಿನಕಾಯಿ ಎಷ್ಟಿದೆ ನೋಡಿಕೊಂಡು ಹೋಗೋಣ ಅಂತ ಬಂದವಳು. ಅವ್ವನೂ ಅವತ್ತು ಮನೆಯಲ್ಲಿದ್ದಳು. ಅಜ್ಜಿ ಯಾಕೋ, "ಮದ್ಲು ಕಾಪಿ ಕುಡಿ, ಜಾಡಿ ಎಲ್ಲೋದದು" ಅಂತ ತಡೆದಳು. ಚಿಕ್ಕಮ್ಮ ಕಾಫಿ ಕುಡಿದು, ಜಾಡಿ ಇಳಿಸಿ, ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು.

ಒಳಗೆ ಬೆಳ್ಳಗೆ, ಹತ್ತಿ ಹಾಸಿದ ಹಾಗೆ, ಬೂಷ್ಟು.

ಅಜ್ಜಿ ಗೋಡೆಗೆ ಒರಗಿ ಕೂತಳು. ಚಿಕ್ಕಮ್ಮನೇ ಮೊದಲು ಬಾಯಿ ಬಿಟ್ಟಳು. "ಓಗ್ಲಿ ಬುಡಿ ಅತ್ತೆ. ನಿಮಗೂ ವಯಸ್ಸಾಯ್ತು, ಕೈ ಮೊದ್ಲಿನಂಗಿರಾಕಿಲ್ಲ. ಪ್ಯಾಕೆಟ್ ಉಪ್ಪಿನಕಾಯಿ ತರುಸ್ತೀನಿ. ಈಗ ಎಲ್ಲಾರೂ ಅದ್ನೇ ಆಕೋದು."

ಅಜ್ಜಿಯ ಮುಖ ನೋಡಬೇಕಿತ್ತು. ಗಂಡ ಹೋದಾಗಲೂ ಅವಳು ಹಾಗೆ ಕೂತಿರಲಿಲ್ಲ ಅಂತ ಅವ್ವ ಆಮೇಲೆ ಹೇಳಿದಳು.

ಅಷ್ಟರಲ್ಲಿ ಚಿಕ್ಕಮ್ಮ ಒಂದು ಕಡ್ಡಿಯಿಂದ ಬೂಷ್ಟನ್ನು ಕೆದಕಿ, ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು. ಬೆಂದ ತೊಗರಿಕಾಳು.

"ಇದ್ಯಾರ್ ಸಾರಿಂದು? ಈ ಮನೇಲಿ ಜಾಡಿ ಪಕ್ಕದಲ್ಲಿ ಚಿಕ್ ಪಾತ್ರೆ ಮಡಿಕ್ಕೊಂಡು ಬ್ಯಾರೆ ಸಾರು ಕಾಯಿಸ್ಕಳೋರ್ಯಾರು?" ಎಲ್ಲರೂ ನನ್ನತ್ತ ತಿರುಗಿದರು. "ತಿನ್ಬ್ಯಾಡ ಅಂದಿದ್ದಕ್ಕೇ ಕದ್ದು ತಿಂದವ್ಳೆ. ಎಂಜಲ ಸೌಟು ಆಕವ್ಳೆ. ಮದ್ಲೇ ಬೂಷ್ಟಿನ ಕಾಯ್ಲೆ ಮೈಲಿಟ್ಕೊಂಡು!"

ಚರ್ಚಾಸ್ಪರ್ಧೆಯವಳಿಗೆ ಇದಕ್ಕಿಂತ ಸುಲಭದ ವಿಷಯ ಬೇಕೇ? ಎದ್ದು ನಿಂತೆ. ಅಲರ್ಜಿ ಅಂಟುರೋಗವಲ್ಲ ಅಂದೆ. ಕೈಗುಣ ಅನ್ನುವುದಕ್ಕೆ ಪುರಾವೆ ಇಲ್ಲ, ಒದ್ದೆ ಯಾರ ಕೈಯಿಂದ ಬಂದರೂ ಒದ್ದೆಯೇ ಅಂದೆ. ಕಾಳು ನನ್ನ ಸಾರಿನದು, ಒಪ್ಪುತ್ತೇನೆ, ಆದರೆ ಆ ಸಾರಿನ ಸೌಟು ಹಿಡಿದು ದಿನಾ ಬಡಿಸುತ್ತಿದ್ದವರು…

ಅಲ್ಲಿಗೆ ನಿಂತೆ. ಯಾಕೆಂದರೆ ಆ ವಾಕ್ಯ ಎಲ್ಲಿಗೆ ಹೋಗುತ್ತಿದೆ ಅನ್ನುವುದು ನನಗೆ ಹೊಳೆದದ್ದೇ ಆಗ. ಹಳದಿ ಸಿಪ್ಪೆ. ಸಣ್ಣ ಕಹಿ. ಪಾತ್ರೆಯಲ್ಲಿ ಸಪ್ಪೆ, ತಟ್ಟೆಯಲ್ಲಿ ರುಚಿ. ಸಾರಿನ ಒದ್ದೆ ಸೌಟೇ ಜಾಡಿಗೂ ಇಳಿಯುತ್ತಿತ್ತು. ಅಜ್ಜಿ ನೆಲ ನೋಡುತ್ತಾ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು. ಟಿಕೆಟ್ ಚಿಲ್ಲರೆಗೆ ಬಸ್ಸು ನಿಲ್ಲಿಸಿ ಜಗಳವಾಡುವವಳು ಒಂದು ಮಾತೂ ಆಡುತ್ತಿಲ್ಲ. ನಾನು ಗೆದ್ದರೆ ಜಾಡಿ ಕೆಡಿಸಿದ್ದು ಅಜ್ಜಿಯ ಕೈ. ಎಲೆಯ ಮೇಲೆ ಪ್ಯಾಕೆಟ್ಟು.

"ಏಳೇ, ಯಾರು ಬಡುಸ್ತಿದ್ದೋರು?" ಅಂದಳು ಚಿಕ್ಕಮ್ಮ.

ನಾನು ಬಾಯಿ ತೆರೆದೆ. ತೆರೆದಿಟ್ಟ ಜಾಡಿ ಮುಂದೆಯೇ ಇತ್ತಲ್ಲ, ಸೀನು ಬಂತು. ಒಂದರ ಹಿಂದೆ ಒಂದು.

"ಬುಡಿ, ಅವಳ ಮೂಗೇ ಒಪ್ಕಂತು" ಅಂದಳು ಚಿಕ್ಕಮ್ಮ.

ಕೆ.ಆರ್. ನಗರದ ಆ ಹುಡುಗ ನಮ್ಮ ಚಿಕ್ಕಮ್ಮನಿಗೇನಾದರೂ ಸಂಬಂಧಿಕನೋ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ನಾನು ಮೂಗು ಒರೆಸಿಕೊಂಡು ಕೂತುಬಿಟ್ಟೆ. ಅಲ್ಲಿಗೆ ತೀರ್ಪಾಯಿತು. ತಪ್ಪು ನನ್ನದು, ಕೈಗುಣ ಅಜ್ಜಿಯದು. ಅಜ್ಜಿ ಹೊಸ ಹೇರಳೆಕಾಯಿ ತರಿಸಿ ಹೊಸ ಜಾಡಿ ಹಾಕಬೇಕು, ನಾನು ಅಡುಗೆಮನೆಯ ಹೊಸ್ತಿಲು ದಾಟಬಾರದು. ಜಾಡಿ ಹಾಕಿದ ದಿನ ಅಜ್ಜಿ ಜಗುಲಿಗೆ ಬಂದು, ನನ್ನ ತಲೆ ಸವರಿ, ಏನೋ ಹೇಳಲು ಹೊರಟು, "ಕೂದ್ಲು ಬಾಚ್ಕೊಬಾರ್ದಾ" ಅಂತ ಹೇಳಿ ಒಳಗೆ ಹೋದಳು.

ಮದುವೆಯಾಯಿತು. ಬೀಗರೂಟದಲ್ಲಿ ಉಪ್ಪಿನಕಾಯಿ ಮಾಂಸಕ್ಕಿಂತ ಮೊದಲು ಖಾಲಿಯಾಯಿತು. "ನಮ್ಮತ್ತೆ ಕೈಗುಣ" ಅಂತ ಚಿಕ್ಕಮ್ಮ ಬೀಗರಿಗೆಲ್ಲ ಹೇಳಿದಳು, ಹೇಳಿ ನನ್ನ ಕಡೆ ತಿರುಗಿ ಕಣ್ಣು ಬಿಟ್ಟಳು. ಅಜ್ಜಿ ಹೊಸ ಸೀರೆಯಲ್ಲಿ ಸಾಲಿನ ತುದಿಯಲ್ಲಿ ಕೂತು, ಯಾರ ಎಲೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುತ್ತಿದ್ದಳು. ಒಂದು ಚೂರೂ ಉಳಿದಿರಲಿಲ್ಲ.

ನನಗೆ ಸಮಸ್ಯೆ ಉಳಿದಿದೆ. ಆ ತಿಂಗಳು ಸೀನು ನಿಂತದ್ದು ಉಪ್ಪಿನಕಾಯಿ ಬಿಟ್ಟಿದ್ದರಿಂದ ಅಂತ ಡಾಕ್ಟರಿಗೆ ಹೇಳಿ ಬಂದಿದ್ದೆ. ಅವರು ಖುಷಿಯಾಗಿ ಮುಂದುವರಿಸು ಅಂದರು. ಯಾವುದನ್ನು ಮುಂದುವರಿಸಲಿ? ಬಿಟ್ಟೇ ಇರಲಿಲ್ಲವಲ್ಲ! ಹಾಗಾದರೆ ನಿಂತದ್ದು ಯಾವುದರಿಂದ? ಬ್ರೆಡ್ಡೋ, ತಂಗಳೋ, ಮಳೆ ಹಿಂದಾದದ್ದೋ? ಪ್ರಯೋಗದ ನಡುವೆ ಯಾರೋ ಸೌಟು ಹಾಕಿದ್ದಾರೆ. ಇನ್ನೊಂದು ತಿಂಗಳು ಸರಿಯಾಗಿ ಮಾಡಿ ನೋಡೋಣ ಅಂತ ಮೊನ್ನೆಯಿಂದ ಪಥ್ಯ ಮತ್ತೆ ಶುರು ಮಾಡಿದ್ದೇನೆ. ಹೊಸ್ತಿಲು ದಾಟುವಂತಿಲ್ಲ, ಅದಕ್ಕೆ ಸಾರನ್ನು ಅವ್ವ ಮಾಡುತ್ತಾಳೆ. ಬಡಿಸುವುದು ಅಜ್ಜಿಯೇ. ನಾನು ಜಗುಲಿಯಲ್ಲಿ ತಟ್ಟೆ ಹಿಡಿದು ಕೂತಿರುತ್ತೇನೆ, ಅವಳ ಬೆನ್ನು ಮಾತ್ರ ಕಾಣುತ್ತದೆ. ನಿನ್ನೆ ನೋಡಿದೆ: ಅಜ್ಜಿ ಸೌಟನ್ನು ಎತ್ತಿ, ಸೆರಗಿನಲ್ಲಿ ಚೆನ್ನಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿದಳು. ಮೊದಲೆಲ್ಲ ಹಾಗೆ ಒರೆಸುತ್ತಿರಲಿಲ್ಲ. ಸಾರು ತಟ್ಟೆಗೆ ಬಂತು. ರುಚಿಯಾಗಿತ್ತು.

ಅಜ್ಜಿ, ಬರೀ ಸಾರು ಬಡಿಸೋದಾದ್ರೆ ಸೌಟು ಯಾಕೆ ಒರೆಸ್ತೀಯಾ?