ಅತ್ತೆಯ ಮೊಣಕಾಲು, ಹಗೇವಿನ ಬಾಯಿ

ಈಗ ತೂಫಾನಿಗೂ ಹೆಸರಿಡುತ್ತಾರೆ. ಟೀವಿಯಲ್ಲಿ ಹುಡುಗಿಯೊಬ್ಬಳು ಕಡಲಿನ ಮೇಲಿನ ಬಿಳಿ ಸುಳಿಯನ್ನು ಕೈಮಾಡಿ ತೋರಿಸುತ್ತ, ಅದು ಎಲ್ಲಿಗೆ ಬಂತು, ನಾಳೆ ಎಲ್ಲಿಗೆ ಹೋಗುತ್ತದೆ ಎಂದು ಹೇಳುವಾಗ ನನ್ನ ಕೈ ತಾನಾಗಿಯೇ ಮೊಣಕಾಲಿಗೆ ಹೋಗುತ್ತದೆ. ನನಗೂ ವಯಸ್ಸಾಯಿತು, ಕಾಲು ಹಿಡಿಯುತ್ತವೆ. ಆದರೆ ನನ್ನವು ದಡ್ಡ ಕಾಲುಗಳು. ಬಿಸಿಲಿಗೂ ನೋಯುತ್ತವೆ, ಮಳೆಗೂ ನೋಯುತ್ತವೆ, ಮದುವೆಮನೆಯಲ್ಲಿ ಒಂದು ತಾಸು ಕೂತರೂ ನೋಯುತ್ತವೆ. ಕಾಲು ಅಂದರೆ ನಮ್ಮತ್ತೆಯವು.

ನಾನು ಮುದ್ದೇಬಿಹಾಳದ ಕಡೆಯವಳು. ಲಗ್ನವಾಗಿ ಸಿಂದಗಿ ಹತ್ತಿರದ ಹಳ್ಳಿಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಮನೆಯಲ್ಲಿ ಅತ್ತೆ, ನನ್ನ ಯಜಮಾನರು, ನಾನು, ಇಷ್ಟೇ ಮಂದಿ. ಬೆಳಿಗ್ಗೆ ಎದ್ದ ಕೂಡಲೇ ಯಜಮಾನರು ತಾಯಿಯ ಹಾಸಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಾಲು ಏನನ್ನುತ್ತಾವೆ ಎಂದು ಕೇಳುವರು. ಎಂಥ ಮಗ, ತಾಯಿಯ ಮೇಲೆ ಎಷ್ಟು ಅಕ್ಕರೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ನಾಲ್ಕು ದಿನ ಕಳೆದ ಮೇಲೆ ತಿಳಿಯಿತು, ಅವರು ಕೇಳುತ್ತಿದ್ದದ್ದು ತಾಯಿಯ ನೋವನ್ನಲ್ಲ, ಮಳೆಯನ್ನು.

ಅತ್ತೆಗೆ ಎರಡೂ ಮೊಣಕಾಲು ನೋವು. ಥಂಡಿಗೆ ಎರಡೂ ಹಿಡಿಯುತ್ತಿದ್ದವು, ಅದಕ್ಕೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಎಡಗಾಲೊಂದೇ ಹಿಡಿದು, ಜೊತೆಗೆ ಮಣಿಕಟ್ಟೂ ಸೆಳೆಯಿತೆಂದರೆ ಮಳೆ ಬಂದಂತೆಯೇ. ಅದರಲ್ಲೂ ದೀಪಾವಳಿಯ ಆಸುಪಾಸು, ಮಳೆಗಾಲ ಮುಗಿಯಿತೆಂದು ಎಲ್ಲರೂ ಕೈಬಿಟ್ಟ ಮೇಲೆ, ಮೂಡಣದಿಂದ ಹೇಳದೆ ಕೇಳದೆ ಬರುವ ತೂಫಾನಿನ ಮಳೆಯನ್ನು ಆ ಎಡಗಾಲು ತಪ್ಪದೆ ಹೇಳುತ್ತಿತ್ತು. ಸಮುದ್ರವನ್ನು ನಮ್ಮೂರಲ್ಲಿ ಒಬ್ಬರೂ ಕಂಡವರಲ್ಲ. ಅಲ್ಲೆಲ್ಲೋ ಎದ್ದ ಗಾಳಿಗೆ ಈ ಮುದುಕಿಯ ಮೊಣಕಾಲಿನ ವಿಳಾಸ ಹೇಗೆ ಸಿಗುತ್ತಿತ್ತೋ ದೇವರೇ ಬಲ್ಲ. ಎದುರುಮನೆಯ ಪಿಂಜಾರ ಅಜ್ಜನೂ ಅಂಗಳದಲ್ಲಿ ಹತ್ತಿ ಹರವುವ ಮೊದಲು ನಮ್ಮ ಕಟ್ಟೆಗೆ ಬಂದು, ಅವ್ವಾರ ಕಾಲಿನ ಸುದ್ದಿ ಕೇಳಿಕೊಂಡೇ ಹೋಗುತ್ತಿದ್ದ. ಅತ್ತೆ ಎಕ್ಕದ ಎಲೆಗೆ ಎಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಮೊಣಕಾಲಿಗೆ ಕಟ್ಟಿಕೊಳ್ಳುತ್ತ, ಏನೋ ಅಪ್ಪಣೆ ಕೊಡುವವರ ಗತ್ತಿನಲ್ಲಿ ಉತ್ತರ ಹೇಳುವರು. ಆ ಗತ್ತು ನೋಡಿ ನಾನು ಸೆರಗಿನ ಮರೆಯಲ್ಲಿ ನಗುತ್ತಿದ್ದೆ.

ನೋವು ಮಾತ್ರ ನಗುವಂಥದಲ್ಲ. ನೆಲಕ್ಕೆ ಕೂತರೆ ಏಳಲಾರರು, ಎದ್ದರೆ ಕೂರಲಾರರು. ತವರುಮನೆ ಹೂವಿನ ಹಿಪ್ಪರಗಿ, ಅಷ್ಟೇನೂ ದೂರವಲ್ಲ. ಆದರೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ವರ್ಷಗಟ್ಟಲೆ ಅತ್ತ ಹೋಗಿರಲಿಲ್ಲ. ಅಲ್ಲಿ ಅವರ ತಂಗಿಯೊಬ್ಬಳಿದ್ದಳು.

ಒಂದು ವರ್ಷ ಮಳೆಗಾಲದ ಕೊನೆಗೆ ಯಜಮಾನರು ಸಂತೆಗೆ ಹೋದವರು ಸಿಂದಗಿಯ ಡಾಕ್ಟರರಿಂದ ಬಿಳಿ ಗುಳಿಗೆ ತಂದರು. ಅತ್ತೆ ಮೊದಲು ಮೂಗು ಮುರಿದರು. ನಾಲ್ಕೈದು ದಿನ ನುಂಗಿದ ಮೇಲೆ ಒಂದು ಮುಂಜಾನೆ ಬೀಸುಕಲ್ಲಿನ ಮುಂದೆ ನನ್ನ ಎದುರಿಗೆ ಬಂದು, ಕಾಲು ಮಡಚಿ ಕೂತೇಬಿಟ್ಟರು. ನಾನು ಗೂಟ ಬಿಟ್ಟು ನೋಡುತ್ತ ಉಳಿದೆ. ಆಮೇಲಿನ ದಿನಗಳಲ್ಲಿ ನನಗೆ ಬೇರೆಯೇ ಅತ್ತೆ ಸಿಕ್ಕರು. ಅವರಿಗೆ ಅಷ್ಟು ಹಾಡು ಬರುತ್ತವೆ, ಅಷ್ಟು ಚೇಷ್ಟೆ ಗೊತ್ತಿದೆ ಎಂದು ನನಗೇನು ಗೊತ್ತು! ನನ್ನ ರೊಟ್ಟಿಯ ಅಂಚು ಹರಿದರೆ, ಮುದ್ದೇಬಿಹಾಳದ ನಕಾಶೆ ಬಂತೆಂದು ಕಾಡಿಸುವರು. ಬಸ್ಸು ಹತ್ತಿ ತವರಿಗೂ ಹೋಗಿ ಬಂದರು. ತಂಗಿಯ ಜೊತೆ ರಾತ್ರಿಯೆಲ್ಲ ಮಾತಾಡಿದೆವೆಂದು ಬಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ದೀಪಾವಳಿ ಮುಗಿದ ಮೇಲೆ ಹಗೇವು ತೆಗೆಯುವ ಮಾತು ಬಂತು. ಹಗೇವು ಅಂದರೆ ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುವ ಆಳದ ಕುಣಿ. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ ಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವನ ಜೀವವೇ ಹೋಗುತ್ತದೆ. ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಆ ಹೊತ್ತಿನಲ್ಲಿ ಮಳೆ ಬಂದರೆ ಮುಗಿಯಿತು. ಹೀಗಾಗಿ ನಮ್ಮ ಮನೆಯಲ್ಲಿ ಅತ್ತೆಯ ಕಾಲನ್ನು ಕೇಳದೆ ಹಗೇವಿನ ಕಲ್ಲು ಸರಿಸುವ ಪದ್ಧತಿಯೇ ಇರಲಿಲ್ಲ.

ಆ ಸಲವೂ ಕೇಳಿದರು. ಅತ್ತೆ ಕಾಲನ್ನು ಮಡಚಿ, ಚಾಚಿ, ಮತ್ತೆ ಮಡಚಿ ತೋರಿಸಿ, ಏನೂ ಇಲ್ಲ, ಹೂವಿನಂತೆ ಹಗುರಾಗಿವೆ, ತೆಗೆಯಿರಿ ಎಂದರು. ಗುಳಿಗೆ ನುಂಗಿದ ಕಾಲು ಮಳೆಯನ್ನು ಹೇಳುವುದು ಹೇಗೆ ಎಂಬ ಯೋಚನೆ ಅವರಿಗೂ ಬರಲಿಲ್ಲ, ಮಗನಿಗೂ ಬರಲಿಲ್ಲ, ಸೊಸೆಗಂತೂ ಬರಲೇ ಇಲ್ಲ. ಮೂವರೂ ಸೇರಿ ಮಾಡಿದ ದಡ್ಡತನ ಅದು.

ಕಲ್ಲು ಸರಿಸಿ, ಹಗೇವಿನ ಬಾಯಿ ತೆರೆದಿಟ್ಟು ರಾತ್ರಿ ಮಲಗಿದೆವು. ಕೋಳಿ ಕೂಗುವ ಹೊತ್ತಿಗೆ ಮೂಡಗಾಳಿ ಎದ್ದಿತು, ಬೆನ್ನಿಗೇ ಮಳೆ. ಯಜಮಾನರು ಓಡಿಹೋಗಿ ಚಪ್ಪಡಿ ಎಳೆದು ಮುಚ್ಚಿದರು. ಆದರೆ ಮೆತ್ತಲು ಒಣ ಮಣ್ಣು ಎಲ್ಲಿಂದ ಬರಬೇಕು? ಓಣಿಯ ನೀರೆಲ್ಲ ಸಂದಿನಿಂದ ಒಳಗಿಳಿಯಿತು. ಮಳೆ ನಿಂತು ಮತ್ತೆ ಬಾಯಿ ತೆಗೆದಾಗ ಬಂದ ಹುಳಿವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಕಪ್ಪಾಗಿ ಮುದ್ದೆಗಟ್ಟಿದ ಜೋಳವನ್ನು ಬುಟ್ಟಿಯಲ್ಲಿ ಮೇಲೆ ಸುರಿಯುತ್ತ, ಬಾಗಿಲಲ್ಲಿ ನಿಂತಿದ್ದ ತಾಯಿಯತ್ತ ನೋಡಿ ಯಜಮಾನರು ಅಂದರು:

"ಅವ್ವಾ, ನಿನ್ನ ಕಾಲು ಈ ಸಲ ಕೈಕೊಟ್ಟುವಲ್ಲ."

ಅಂದದ್ದು ನಗುತ್ತಲೇ. ಮೈತುಂಬ ಕೆಸರು, ಬೇಸರ, ಏನೋ ಒಂದು ಮಾತು ಬಾಯಿಂದ ಬಂತು. ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅವತ್ತು ಊಟವಾದ ಮೇಲೆ ನಾನು ಗುಳಿಗೆ, ನೀರು ತಂದಿಟ್ಟೆ. ಅವರು ನನ್ನ ಕೈ ಸರಿಸಿದರು.

"ಬ್ಯಾಡವಾ. ನಾ ಆರಾಮ ಮಲಗಿದ್ದಕ್ಕ ಮನಿ ಜ್ವಾಳ ಹೋತು."

ಆ ವರ್ಷ ನಾವೇನೂ ಉಪವಾಸ ಬೀಳಲಿಲ್ಲ. ಇಂಡಿ ತಾಲೂಕಿನ ಕಡೆಯ ಬೀಗರು ಜೋಳ ಕಳಿಸಿದರು, ಮುಂದಿನ ಸುಗ್ಗಿಗೆ ಹಗೇವು ಮತ್ತೆ ತುಂಬಿತು. ಅತ್ತೆ ಮಾತ್ರ ಬೀಸುಕಲ್ಲಿನ ಮುಂದೆ ಮತ್ತೆ ಕೂರಲಿಲ್ಲ. ಹೂವಿನ ಹಿಪ್ಪರಗಿಗೆ ಮತ್ತೆ ಹೋಗಲಿಲ್ಲ. ಒಂದು ದಿನ ತಂಗಿ ತೀರಿಕೊಂಡಳೆಂದು ಸುದ್ದಿ ಬಂದಾಗಲೂ ಬಸ್ಸು ಹತ್ತಲಾಗಲಿಲ್ಲ. ಕಟ್ಟೆಯ ಮೇಲೆ ಕೂತು, ರಸ್ತೆಯ ಕಡೆ ಮುಖ ಮಾಡಿ ಅತ್ತರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಯಜಮಾನರು ಆ ಮಾತಿಗೆ ಪಟ್ಟ ಪಶ್ಚಾತ್ತಾಪ ಅಷ್ಟಿಷ್ಟಲ್ಲ. ಪ್ರತಿ ಸಂತೆಗೂ ಗುಳಿಗೆ ತರುವರು, ಕಾಲಿಗೆ ಬಿದ್ದು ಬೇಡುವರು. ಅತ್ತೆ ಅವನ್ನು ಗೋಡೆಯ ಗೂಡಿನಲ್ಲಿಟ್ಟು, ತಲೆನೋವೆಂದು ಬಂದವರಿಗೆಲ್ಲ ಹಂಚಿಬಿಡುವರು. ಕೊನೆಗೆ ಅರವತ್ತರ ದಶಕದಲ್ಲಿ ಯಜಮಾನರು ಒಂದು ರೇಡಿಯೋ ಹೊತ್ತು ತಂದರು. ಓಣಿಯವರು ಇದೇನು ಶೋಕಿ ಎಂದು ನಕ್ಕರು. ಅದನ್ನು ಯಾಕೆ ತಂದರೆಂಬುದು ನನಗೊಬ್ಬಳಿಗೇ ಗೊತ್ತಿತ್ತು. ಇನ್ನು ಮುಂದೆ ಹವೆಯ ಸುದ್ದಿ ಇದು ಹೇಳುತ್ತದೆ, ನೀನು ನೋಯಬೇಕಾಗಿಲ್ಲ, ಗುಳಿಗೆ ತಗೋ ಎಂದು ತಾಯಿಗೆ ಮತ್ತೆ ಮತ್ತೆ ಹೇಳಿದರು. ಅತ್ತೆ ರೇಡಿಯೋವನ್ನು, ಮನೆಗೆ ಬಂದ ಸವತಿಯನ್ನು ನೋಡುವಂತೆ ನೋಡಿದರು. ಗುಳಿಗೆ ಮುಟ್ಟಲಿಲ್ಲ.

ರೇಡಿಯೋ ಕಟ್ಟೆಗೆ ಬಂತು. ಪಿಂಜಾರ ಅಜ್ಜ ಅದರ ಮುಂದೆ ಕೂರಲು ಶುರುಮಾಡಿದ. ಯಜಮಾನರು ಬೇಕೆಂದೇ ಬೆಳಗಿನ ಆ ಪ್ರಶ್ನೆ ಬಿಟ್ಟರು. ತಾಯಿಯ ಮೇಲಿನ ಹೊರೆ ಇಳಿಸಿದೆನೆಂದು ಅವರ ತಿಳುವಳಿಕೆ. ನನಗೂ ಅದೇ ಸರಿ ಅನ್ನಿಸಿತ್ತು.

ಅಂಥದೇ ಒಂದು ದೀಪಾವಳಿ ಕಳೆದ ಸಂಜೆ, ಬಂಗಾಳ ಕೊಲ್ಲಿಯಲ್ಲಿ ತೂಫಾನು ಎದ್ದಿದೆ, ಮಳೆಯಾಗಬಹುದು ಎಂದು ರೇಡಿಯೋ ಹೇಳಿತು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ತಂತಮ್ಮ ಅಂಗಳದಲ್ಲಿ ಹರವಿದ್ದನ್ನು ಬಳಿದು ತುಂಬಲು ಓಡಿದರು. ನಾನು ಗೋಣಿತಟ್ಟು ತರಲು ಒಳಗೆ ಹೋದೆ. ಅತ್ತೆ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಎಡಗಾಲಿಗೆ ಕಟ್ಟಿದ ಎಕ್ಕದ ಎಲೆ ಆಗಲೇ ಒಣಗಿ ಹಳದಿಯಾಗಿತ್ತು. ರೇಡಿಯೋ ಏನಂತು ಎಂದು ಕೇಳಿದರು. ಮಳೆ ಅಂತ, ಎಂದೆ.

"ನನಗ ಮುಂಜಾನೆ ಗೊತ್ತಿತ್ತವಾ. ಯಾರರ ಕೇಳ್ತಾರೇನಂತ ದಾರಿ ನೋಡಿದೆ."

ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಅವರಿಗೂ ಕೇಳಿಸಿತು. ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು, ಹಿಂದಿನಂತೆ ತಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಆಕೆಯ ಮೊಣಕಾಲಿನ ಮೇಲೆ ಕೈಯಿಟ್ಟು, ಕಾಲು ಏನನ್ನುತ್ತಾವೆ ಅವ್ವಾ ಎಂದು ಕೇಳಿದರು. ಹೊರಗೆ ಅಂಗಳದಲ್ಲಿ ಮೊದಲ ಹನಿಗಳು ಬೀಳತೊಡಗಿದ್ದವು. ಅತ್ತೆ ಆ ಸಪ್ಪಳದ ಕಡೆ ಕೈಮಾಡಿದರು.

"ಈಗ್ಯಾಕ ಕೇಳ್ತೀಯಪಾ, ಮಳಿ ಬಂದೈತಲ್ಲ."