ಸಾಹೇಬರ ನಾಡಿಗೆ ಕಾಸಿದ ಕಷಾಯ

ನಾನು ಜೀರಿಗೆ ಕಷಾಯ ಕೊಟ್ಟರೆ ಮೂಗು ಮುರಿಯುತ್ತಿದ್ದ ನನ್ನ ಗಂಡ, ಕೊರಿಯಾದ ಕಷಾಯವನ್ನು ತೀರ್ಥದ ಹಾಗೆ ಕುಡಿಯುತ್ತಿದ್ದರು. ಅಬುಧಾಬಿ ಸೈಟಿನ ಅವರ ಮ್ಯಾನೇಜರ್ ಕೊರಿಯಾದವರು. ಕಾಸಿ ತುಂಬಿದ ಕಂದು ಕಷಾಯದ ಪ್ಲಾಸ್ಟಿಕ್ ಪೊಟ್ಟಣ ಕೊಟ್ಟದ್ದು ಅವರೇ. ಬಿಸಿನೀರಲ್ಲಿ ಅದ್ದಿ, ತುದಿ ಕತ್ತರಿಸಿ, ಊಟಕ್ಕೆ ಮುಂಚೆ ಕುಡಿಯಬೇಕು. ಅತಿಮಧುರ, ಶುಂಠಿ, ಇನ್ನೇನೋ ಬೇರು.

"ಹೊಟ್ಟೆಯ ಒಳಗೋಡೆಗೆ ಪ್ಲಾಸ್ಟರ್ ಮಾಡ್ತದೆ ಮಾರಾಯ್ತಿ" ಅನ್ನುತ್ತಿದ್ದರು. ಕಟ್ಟಡದ ಸೂಪರ್‌ವೈಸರ್ ಅಲ್ವಾ, ಬೇರೆ ಮಾತು ಎಲ್ಲಿಂದ ಬರಬೇಕು!

ಊಟಕ್ಕೆ ಮುಂಚೆ, ಸರಿ. ಊಟ ಎಲ್ಲಿತ್ತು? ಮ್ಯಾನೇಜರ್ ಕೆಲಸ ಬಿಟ್ಟು ಏಳುವವರೆಗೆ ಇವರೂ ಕುರ್ಚಿಯಿಂದ ಏಳುವುದಿಲ್ಲ. ಮಧ್ಯಾಹ್ನದ ಅನ್ನ ಸಂಜೆಗೆ. ಅಲ್ಸರ್ ಅಂತ ಡಾಕ್ಟರ್ ಹೇಳಿ ಮಾತ್ರೆ ಬರೆದಿದ್ದರು. ಉರಿ ತಗ್ಗಿತು ಅಂತ ಇವರು ಅದನ್ನೂ ಬಿಟ್ಟರು. ಇನ್ನೊಮ್ಮೆ ತೋರಿಸಿ ಅಂದರೆ, "ಬಿಲ್ಡಿಂಗ್ ಹ್ಯಾಂಡೋವರ್ ಖಲಾಸ್ ಆಗಲಿ" ಎಂಬ ಒಂದೇ ಪಲ್ಲವಿ.

ಒಂದು ಶುಕ್ರವಾರ, ರಜೆಗೆ ಮನೆಗೆ ಬಂದಾಗ, ದುಬೈಯ ಅಲ್ ಕುಸೈಸ್‌ನ ನಮ್ಮ ಫ್ಲಾಟಿನಲ್ಲಿ ಕಾಫಿ ಗಸಿಯಂತೆ ಕಪ್ಪಗೆ ವಾಂತಿ ಮಾಡಿ, ಬಚ್ಚಲಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು.

ಮರುದಿನ ಮ್ಯಾನೇಜರ್ ಬಂದು ಸೊಂಟ ಬಗ್ಗಿಸಿ ವಂದಿಸಿದರು. ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದರು: "ಆ ಕಷಾಯ ನಮ್ಮ ವೈದ್ಯರು ನನ್ನ ನಾಡಿ ನೋಡಿ ನನಗೇ ಅಂತ ಕಾಸಿದ್ದು. ಇವರಿಗೆ ಬೇರೆಯೇ ಬೇಕು ಅಂದಿದ್ದೆ. ಮಾತ್ರೆ ಬಿಡಬೇಡಿ ಅಂತಲೂ ಅಂದಿದ್ದೆ. ಆದರೆ ಇವರು ಕೇಳಿದಾಗಲೆಲ್ಲ ಇಲ್ಲ ಅನ್ನಲಾಗಲಿಲ್ಲ."

ನಮ್ಮಲ್ಲಿ ಕಷಾಯ ಅಂದರೆ ಮನೆಮಂದಿಗೆಲ್ಲ ಒಂದೇ ಪಾತ್ರೆ. ಒಬ್ಬನ ಹೊಟ್ಟೆಗೆ ಅಳೆದದ್ದು ಇನ್ನೊಬ್ಬನಿಗಲ್ಲ ಎಂಬುದು ಇವರ ತಲೆಗೆ ಹೋಗಲೇ ಇಲ್ಲ. ಹೋಗಿದ್ದರೂ ಆ ಪೊಟ್ಟಣವನ್ನೇ ಕೇಳಿ ತರುತ್ತಿದ್ದರು. ಸಾಹೇಬರು ಕುಡಿಯುವುದನ್ನೇ ಕುಡಿಯುವ ಭಾಗ್ಯ ಯಾರಿಗುಂಟು!

ನನಗೆ ಮೈಯೆಲ್ಲ ಉರಿಯಿತು. "ಮದ್ದು ಬೇಡ ಸರ್. ಒಂದು ಗಂಟೆಗೆ ಊಟಕ್ಕೆ ಬಿಡಿ, ಸಾಕು" ಅಂದೆ. ಇವರು ಡ್ರಿಪ್ ಹಾಕಿದ ಕೈ ಎತ್ತಿ, "ಸಾರಿ ಸರ್, ಅವಳಿಗೆ ಟೆನ್ಶನ್" ಅಂದರು.

ಮ್ಯಾನೇಜರ್ ನನ್ನ ಮಾತು ನಡೆಸಿದರು. ಇವರನ್ನು ಸೈಟಿನಿಂದ ತೆಗೆದು, ನಮ್ಮ ಮನೆಯ ಹತ್ತಿರದ ಗೋದಾಮಿಗೆ ಹಾಕಿದರು. ಇವರ ಕುರ್ಚಿಯಲ್ಲಿ ಈಗ ಬೇರೊಬ್ಬ ಕೂತಿದ್ದಾನೆ. "ನನ್ನ ಮರ್ಯಾದೆ ತೆಗೆದೆ" ಅಂದರು ಇವರು; ಅಲ್ಲಿಂದೀಚೆ ನನ್ನ ಹತ್ತಿರ ಮಾತಿಲ್ಲ.

ಹುಣ್ಣು ಮಾಯಿತು ಅಂತ ಡಾಕ್ಟರ್ ಹೇಳಿದ್ದಾರೆ. ದಿನಾ ಒಂದು ಗಂಟೆಗೆ ಮನೆಗೇ ಬಂದು ಉಣ್ಣುತ್ತಾರೆ. ನಾನು ಬಡಿಸುತ್ತೇನೆ. ಸಾಕೋ ಬೇಕೋ ಅಂತ ಕೇಳಿದರೆ, ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿಯುತ್ತಾರೆ.