ಸೆರೆಮನೆಯ ಅಡುಗೆಯವರು

ಕಳೆದ ವಾರ ಆಫೀಸಿನವರ ಜೊತೆ ಫೋನಿನಲ್ಲಿ ಮಾತಾಡುತ್ತ ನಿಂತೆ. ಒಲೆಯ ಮೇಲಿನ ಅನ್ನ ತಳ ಹಿಡಿಯಿತು. ಫ್ಲಾಟಿನ ತುಂಬ ಸೀದ ವಾಸನೆ. ಕಿಟಕಿ ತೆರೆಯುವಾಗ, ಕುವೈತಿನ ಫಿಂಟಾಸ್‌ನ ಇದೇ ಕಟ್ಟಡದಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಅಂಕಲ್ ನೆನಪಾದರು.

ಉಡುಪಿ ಕಡೆಯವರು. ಹೆಂಡತಿ, ಮಗ ಊರಿನಲ್ಲಿ. ಇವರಿಲ್ಲಿ ಒಂದು ಕಂಪನಿಯ ಡ್ರೈವರ್. ಒಲೆ ಹಚ್ಚಿದ್ದನ್ನು ನಾನು ನೋಡಿದ್ದೇ ಇಲ್ಲ. ಮೂರು ಹೊತ್ತೂ ಹೋಟೆಲಿನ ಊಟ. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕಾರಿನ ಬಾಗಿಲಿಗೆ ಸಿಕ್ಕಿರಬೇಕು ಎಂದುಕೊಂಡಿದ್ದೆ... ಕೇಳಿರಲಿಲ್ಲ.

ಇರಾಕಿ ಸೈನ್ಯ ಕುವೈತನ್ನು ಹಿಡಿದಿದ್ದ ತಿಂಗಳುಗಳಲ್ಲಿ ಜನರನ್ನು ಕೂಡಿಹಾಕಿದ್ದ ಮನೆಯೊಂದು ಈಗ ಸ್ಮಾರಕವಾಗಿದೆ. ಮಗಳ ಸ್ಕೂಲ್ ಪ್ರಾಜೆಕ್ಟಿಗೆಂದು ಒಂದು ಶುಕ್ರವಾರ ಅಲ್ಲಿಗೆ ಹೊರಟೆವು. ಅಂಕಲ್ ತಾವೂ ಬರುತ್ತೇನೆಂದರು.

ಕಿಟಕಿಗೆ ಹೊಡೆದ ತಗಡು, ನೆಲದ ಮೇಲಿನ ಕಂಬಳಿ, ಎಲ್ಲವನ್ನೂ ಹಾಗೆಯೇ ಉಳಿಸಿದ್ದರು. ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ತಿರುಗಿ ನೋಡಿದರೆ ಅಂಕಲ್ ಹಿಂಬದಿಯಲ್ಲಿ, ಬೀಗ ಹಾಕಿದ ಬಾಗಿಲೊಂದರ ಎದುರು ನಿಂತಿದ್ದರು.

“ಅದು ಸ್ಟೋರ್ ರೂಮ್, ಅಲ್ಲೇನೂ ಇಲ್ಲ,” ಎಂದಳು ಗೈಡ್.

“ಇದು ಅಡುಗೆಕೋಣೆ ಅಮ್ಮಾ,” ಅಂಕಲ್ ನನಗಷ್ಟೇ ಕೇಳುವಂತೆ ಹೇಳಿದರು. “ಈ ಮನೆಯ ಕುಕ್ ಆಗಿದ್ದೆ ನಾನು. ಯಜಮಾನರು, ನನಗೆ ವೀಸಾ ಕೊಟ್ಟ ಕಫೀಲ್, ಸೌದಿಗೆ ಓಡಿದ್ರು. ಸೈನಿಕರು ನನ್ನನ್ನು ಬಿಡ್ಲಿಲ್ಲ, ಅಡುಗೆಗೆ ಇಟ್ಟುಕೊಂಡ್ರು.”

ಕೂಡಿಹಾಕಿದವರಿಗೆ ಒಣ ರೊಟ್ಟಿ ಮಾತ್ರವಂತೆ. ಅದಕ್ಕೇ ಅಂಕಲ್ ಬೇಕೆಂದೇ ಅನ್ನ ತಳ ಹಿಡಿಸುತ್ತಿದ್ದರು. ಸೀದದ್ದನ್ನು ಸೈನಿಕರು ಮುಟ್ಟುತ್ತಿರಲಿಲ್ಲ. ಒಳಗಿನವರಿಗೆ ಹಾಕು ಎನ್ನುತ್ತಿದ್ದರು. ಒಂದು ದಿನ ಗುಟ್ಟು ಗೊತ್ತಾಯಿತು. ಬೆರಳು ಮುರಿದರು.

“ಆಮೇಲೆ?” ಎಂದೆ.

“ಆಮೇಲೆ ಅಡುಗೆ ಸರಿಯಾಗಿಯೇ ಮಾಡಿದೆ. ಹೆದರಿಕೆ ಉಂಟಲ್ಲ. ಬಿಸಿ ಬಿಸಿ ಅನ್ನ, ಮಾಂಸ... ಕೂಡಿಹಾಕಿದವರು ಇದ್ದದ್ದು ಈ ಗೋಡೆಯ ಆಚೆ. ವಾಸನೆ ಹೋಗ್ತದೆ ಅಮ್ಮಾ, ಅದನ್ನು ತಡೆಯುವುದು ಹೇಗೆ?”

ಅಷ್ಟು ಹೇಳಿ, ಮಗಳಿಗೆ ಐಸ್‌ಕ್ರೀಂ ಕೊಡಿಸುತ್ತೇನೆಂದು ಹೊರನಡೆದರು. ಮತ್ತೆಂದೂ ಆ ಮಾತು ಬರಲಿಲ್ಲ. ಕೆಲವು ವರ್ಷಗಳ ಮೇಲೆ ಕೆಲಸ ಬಿಟ್ಟು ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ಅವರ ಮಗ ಫೋನ್ ಮಾಡಿ ತಿಳಿಸಿದ.

ನಿನ್ನೆ ಒಬ್ಬಳೇ ಆ ಮನೆಗೆ ಹೋಗಿದ್ದೆ. ಈಗಿನ ಗೈಡ್ ಒಬ್ಬ ಕುವೈತಿ ಯುವಕ. ಅವನಿಗೆ ಅಂಕಲ್ ಇಲ್ಲಿ ಅಡುಗೆ ಮಾಡಿದ ಕತೆ ಹೇಳಿದೆ. ಅವನು, “ಇಲ್ಲಿ ಸೆರೆಯಲ್ಲಿದ್ದ ಹಿರಿಯರೊಬ್ಬರು ಆಗಾಗ ಬರುತ್ತಾರೆ. ಸೀದ ಅನ್ನ ಕೊಡುತ್ತಿದ್ದ ಆ ಅಡುಗೆಯವರನ್ನು ಎಷ್ಟೋ ಕಾಲದಿಂದ ಹುಡುಕುತ್ತಿದ್ದಾರೆ. ಒಮ್ಮೆ ಕರೆದುಕೊಂಡು ಬರುತ್ತೀರಾ?” ಎಂದ.

ಅವರು ಈಗ ಇಲ್ಲ ಎಂದೆ.